ಲೆಕ್ಕ ಕೊಟ್ಟವನ ಹಕ್ಕು

ಬ್ಯಾಂಕಾಗಿರಲಿ, ಸಾರಿಗೆಯ ನಿಗಮವಾಗಿರಲಿ, ಸಕ್ಕರೆಯ ಕಾರ್ಖಾನೆಯಾಗಿರಲಿ, ಇಂದಿನ ಯಾವ ವಾಣಿಜ್ಯಸಂಸ್ಥೆಯಲ್ಲಿಯೂ ಮೇಲಧಿಕಾರಿಗಳ ಮೇಜಿಗೆ ಪ್ರತಿದಿನ ಬಂದು ತಲಪುವ ಒಂದು ವರದಿಯುಂಟು. ಕಚೇರಿಯ ಮಾತಿನಲ್ಲಿ ಅದಕ್ಕೆ ಎಂಐಎಸ್ ರಿಪೋರ್ಟ್ ಎಂದು ಹೆಸರು. ನಿನ್ನೆ ಎಷ್ಟು ಮಾರಾಟವಾಯಿತು, ಗೋದಾಮಿನಲ್ಲಿ ಎಷ್ಟು ಸರಕು ಉಳಿದಿದೆ, ಯಾವ ಶಾಖೆಯಲ್ಲಿ ಸಾಲದ ಕಂತು ತಪ್ಪಿದೆ, ಯಾವ ಡಿಪೋದಲ್ಲಿ ಡೀಸೆಲ್ ಹೆಚ್ಚು ವ್ಯಯವಾಗಿದೆ ಎಂಬ ಸಂಗತಿಗಳೆಲ್ಲ ಸಾವಿರಾರು ಕೈಗಳಿಂದ ಸಂಗ್ರಹವಾಗಿ, ಗಣಕಯಂತ್ರದಲ್ಲಿ ಸೋಸಿ ಬಂದು, ಕೆಲವೇ ಸಾಲುಗಳಾಗಿ ಅಲ್ಲಿ ಕಾಣಿಸುತ್ತವೆ. ನಿರ್ವಹಣಾ ಮಾಹಿತಿ ವ್ಯವಸ್ಥೆಯೆಂದು ಪಠ್ಯಪುಸ್ತಕಗಳು ಕರೆಯುವುದು ಈ ವರದಿಯನ್ನೂ, ಇದನ್ನು ಸಿದ್ಧಪಡಿಸುವ ಯಂತ್ರ, ಮನುಷ್ಯ, ನಿಯಮಗಳ ಸಮುದಾಯವನ್ನೂ. ಅದರಿಂದ ನಿರ್ಣಯಗಳು ತ್ವರಿತವಾಗುತ್ತವೆ, ಅಪವ್ಯಯ ತಗ್ಗುತ್ತದೆ, ದೂರದ ಶಾಖೆಯೂ ಕೇಂದ್ರದ ಕಣ್ಣಿಗೆ ಕಾಣುತ್ತದೆ ಎಂದು ಆ ಪುಸ್ತಕಗಳು ಹೇಳುವುದೆಲ್ಲ ನಿಜವೇ. ಆದರೆ ಆ ವಿವರಣೆಗಳಲ್ಲಿ ಮಾಹಿತಿಯು ಕೆಳಗಿನಿಂದ ಮೇಲಕ್ಕೆ ಏರುವ ಮಾತೇ ಹೆಚ್ಚು. ಮರಳಿ ಕೆಳಕ್ಕೆ ಇಳಿದು ಬರುವ ಮಾತು ಅತಿ ವಿರಳ. ಅಂಕಿಯನ್ನು ಕೊಟ್ಟವನಿಗೆ ಆ ಅಂಕಿ ಏನಾಯಿತೆಂದು ತಿಳಿಯುವ, ತಿಳಿದು ಪ್ರಶ್ನಿಸುವ, ತಪ್ಪಿದ್ದರೆ ತಿದ್ದಿಸುವ ಹಕ್ಕಿರಬೇಕೆಂಬುದೂ, ಆ ಹಕ್ಕಿಲ್ಲದ ಕಡೆ ಮಾಹಿತಿಯ ಸತ್ಯತೆಯೇ ಉಳಿಯಲಾರದೆಂಬುದೂ ಈ ಲೇಖನದ ವಾದ. ಬ್ರಿಟನ್ನಿನಲ್ಲಿ ಒಂದೇ ವಂಶಕ್ಕೆ ಸೇರಿದ ಎರಡು ಯಂತ್ರಗಳ ಚರಿತ್ರೆಯಲ್ಲಿ ಇದಕ್ಕೆ ಸಾಕ್ಷ್ಯವಿದೆ.

ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಜೆ. ಲಯನ್ಸ್ ಎಂಬ ಕಂಪನಿ ಇಂಗ್ಲೆಂಡಿನಲ್ಲಿ ಮನೆಮಾತಾಗಿದ್ದಿತು. ಅದು ಮಾರುತ್ತಿದ್ದುದು ಚಹಾ, ಬ್ರೆಡ್ಡು, ಕೇಕುಗಳಂಥ ಅಲ್ಪಬೆಲೆಯ ಪದಾರ್ಥಗಳನ್ನು. ಒಂದೊಂದರ ಮೇಲೆ ದೊರೆಯುತ್ತಿದ್ದ ಲಾಭ ಕಾಸಿನ ಒಂದು ಭಾಗದಷ್ಟು ಮಾತ್ರ. ಆದುದರಿಂದ ಆ ಅಸಂಖ್ಯ ಸಣ್ಣ ವ್ಯಾಪಾರಗಳ ಲೆಕ್ಕವಿಡುವ ಗುಮಾಸ್ತರ ಖರ್ಚು ಒಂದಿಷ್ಟು ಹೆಚ್ಚಿದರೂ ಲಾಭವೆಲ್ಲ ಕಚೇರಿಯಲ್ಲಿಯೇ ಇಂಗಿಹೋಗುವ ಭಯವಿದ್ದಿತು. 1947ರಲ್ಲಿ ಅಮೆರಿಕದ ಕಚೇರಿಗಳ ಪದ್ಧತಿಯನ್ನು ನೋಡಿಬರಲೆಂದು ಹೋದ ಕಂಪನಿಯ ಇಬ್ಬರು ಅಧಿಕಾರಿಗಳು, ಯುದ್ಧಕಾಲದಲ್ಲಿ ಫಿರಂಗಿಯ ಗಣಿತಕ್ಕಾಗಿ ನಿರ್ಮಿತವಾದ ಎಲೆಕ್ಟ್ರಾನಿಕ್ ಗಣಕದ ಸಮಾಚಾರವನ್ನು ಅಲ್ಲಿ ಕೇಳಿ, ಅದನ್ನು ಚಹಾದಂಗಡಿಯ ಲೆಕ್ಕಕ್ಕೂ ಏಕೆ ಹಚ್ಚಬಾರದೆಂಬ ಆಲೋಚನೆಯೊಡನೆ ಹಿಂದಿರುಗಿದರು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಮಾರಿಸ್ ವಿಲ್ಕ್ಸ್ ಕಟ್ಟುತ್ತಿದ್ದ ಎಡ್ಸಾಕ್ ಯಂತ್ರಕ್ಕೆ ಕಂಪನಿ 3,000 ಪೌಂಡುಗಳ ಸಹಾಯಧನವನ್ನು ಕೊಟ್ಟಿತು. ಅದು 1949ರಲ್ಲಿ ಕೆಲಸಮಾಡಿ ತೋರಿಸಿದ ಮೇಲೆ ಅದೇ ಮಾದರಿಯಲ್ಲಿ ತನ್ನದೊಂದು ಯಂತ್ರವನ್ನು ಕಟ್ಟಿಸಿತು. ಲಿಯೋ ಎಂಬ ಹೆಸರಿನ ಆ ಯಂತ್ರ 1951ರ ನವೆಂಬರಿನಲ್ಲಿ, ಲಂಡನ್ನಿನ ಕ್ಯಾಡ್ಬಿ ಹಾಲ್ ಎಂಬ ಕೇಂದ್ರ ಕಚೇರಿಯಲ್ಲಿ, ಬೇಕರಿಯ ವಾರದ ಲೆಕ್ಕವನ್ನು ಹಾಕತೊಡಗಿತು. ವಾಣಿಜ್ಯಸಂಸ್ಥೆಯೊಂದರ ನಿತ್ಯದ ಕೆಲಸವನ್ನು ಗಣಕಯಂತ್ರ ವಹಿಸಿಕೊಂಡದ್ದು ಪ್ರಪಂಚದಲ್ಲಿ ಅದೇ ಮೊದಲು.

ಮೂರು ವರ್ಷಗಳ ತರುವಾಯ ಆ ಯಂತ್ರಕ್ಕೆ ಒಪ್ಪಿಸಿದ ಒಂದು ಕೆಲಸ ನಮ್ಮ ವಿಚಾರಕ್ಕೆ ಬಹಳ ಮುಖ್ಯವಾದುದು. ಕಂಪನಿಯ ಚಹಾದಂಗಡಿಗಳನ್ನು ನೋಡಿಕೊಳ್ಳುತ್ತಿದ್ದವರು ಬಹುಮಟ್ಟಿಗೆ ಸ್ತ್ರೀಯರು. ನಾಳೆಗೆ ಏನೇನು ಎಷ್ಟೆಷ್ಟು ಬೇಕೆಂಬುದನ್ನು ಅವರು ದಿನವೂ ನಮೂನೆಗಳಲ್ಲಿ ತುಂಬಿ ಕಳುಹಿಸಬೇಕಾಗಿತ್ತು. ಡೇವಿಡ್ ಕ್ಯಾಮಿನರ್ ಮತ್ತು ಅವರ ಸಂಗಡಿಗರು ಹೊಸ ಕ್ರಮವನ್ನು ರೂಪಿಸುವಾಗ ಈ ಹಳೆಯ ನಮೂನೆಗಳನ್ನೇ ಯಂತ್ರಕ್ಕೆ ತುರುಕಿ ಸುಮ್ಮನಾಗಲಿಲ್ಲ. ಒಂದೊಂದು ಅಂಗಡಿಗೂ ವಾರದ ಒಂದೊಂದು ದಿನಕ್ಕೂ ವಾಡಿಕೆಯಾಗಿ ಬೇಕಾಗುವ ಸಾಮಗ್ರಿಯ ಪಟ್ಟಿಯನ್ನು ಯಂತ್ರದಲ್ಲಿಯೇ ಇರಿಸಿ, ಆ ವಾಡಿಕೆಗಿಂತ ಹೆಚ್ಚುಕಡಿಮೆಯಿದ್ದರೆ ಮಾತ್ರ ಅಂಗಡಿಯಾಕೆ ಟೆಲಿಫೋನಿನಲ್ಲಿ ತಿಳಿಸುವಂತೆ ಏರ್ಪಡಿಸಿದರು. ಕೇಂದ್ರ ಕಚೇರಿಯಲ್ಲಿ ಕುಳಿತ ಹುಡುಗಿಯರು ಅವಳ ಮಾತನ್ನು ಕೇಳುತ್ತ ಕೇಳುತ್ತಲೇ ಕಾರ್ಡುಗಳಲ್ಲಿ ರಂಧ್ರ ಕೊರೆದು ಯಂತ್ರಕ್ಕೆ ಉಣಿಸುತ್ತಿದ್ದರು. ರಾತ್ರಿಯೊಳಗೆ ಸರಬರಾಜಿನ ಪಟ್ಟಿ ಸಿದ್ಧವಾಗುತ್ತಿತ್ತು. ಊರಿನ ಜಾತ್ರೆಗೋ ಆಟಕ್ಕೋ ಜನ ಸೇರುವರೆಂಬುದು, ಹವೆ ಕೆಟ್ಟರೆ ಗಿರಾಕಿ ಬಾರನೆಂಬುದು ಅಂಗಡಿಯಲ್ಲಿ ನಿಂತವಳಿಗೆ ತಿಳಿದಷ್ಟು ಕಚೇರಿಯಲ್ಲಿ ಕುಳಿತವನಿಗೆ ತಿಳಿಯದು ಎಂಬ ವಿವೇಕ ಆ ಏರ್ಪಾಡಿನ ಒಳಗೇ ಅಡಕವಾಗಿದ್ದಿತು. ಅವಳ ಮಾತಿನಿಂದ ಯಂತ್ರದ ಅಂಕಿ ತಿದ್ದುಪಡಿಯಾಗುತ್ತಿತ್ತು. ಮಾರನೆಯ ಬೆಳಗ್ಗೆ ಬಾಗಿಲಿಗೆ ಬಂದ ಸರಕಿನಲ್ಲಿ ತನ್ನ ಮಾತು ಸಂದಿತೇ ಇಲ್ಲವೇ ಎಂಬುದನ್ನು ಅವಳೇ ನೋಡಬಹುದಾಗಿತ್ತು.

ಈ ಯಂತ್ರಗಳನ್ನು ತಯಾರಿಸುತ್ತಿದ್ದ ಲಯನ್ಸಿನ ಲಿಯೋ ಕಂಪನಿ 1963ರಲ್ಲಿ ಇಂಗ್ಲಿಷ್ ಎಲೆಕ್ಟ್ರಿಕ್ ಎಂಬ ಸಂಸ್ಥೆಯೊಡನೆ ಕೂಡಿತು. ಆ ಗಣಕವಿಭಾಗ 1968ರಲ್ಲಿ ಹುಟ್ಟಿದ ಐಸಿಎಲ್ ಎಂಬ ಗಣಕ ಸಂಸ್ಥೆಯಲ್ಲಿ ಲೀನವಾಯಿತು. ಐಸಿಎಲ್‌ನ ಬಹುಪಾಲು 1990ರಲ್ಲಿ ಜಪಾನಿನ ಫುಜಿತ್ಸುವಿನ ವಶಕ್ಕೆ ಬಂದಿತು. ಈ ನಡುವೆ ಲಿಯೋ ಯಂತ್ರಗಳು ಬ್ರಿಟನ್ನಿನ ಅಂಚೆ ಇಲಾಖೆಯಲ್ಲಿ 1981ರವರೆಗೆ ಟೆಲಿಫೋನಿನ ಬಿಲ್ಲುಗಳನ್ನು ತಯಾರಿಸುತ್ತಿದ್ದವು. ಅದೇ ಅಂಚೆ ಸಂಸ್ಥೆಗಾಗಿ ಅದೇ ಐಸಿಎಲ್ ಕಟ್ಟಿಕೊಟ್ಟು, 1999ರಿಂದ ಊರೂರಿನ ಅಂಚೆ ಕಚೇರಿಗಳಲ್ಲಿ ಸ್ಥಾಪಿತವಾದ ಲೆಕ್ಕದ ವ್ಯವಸ್ಥೆಗೆ ಹೊರೈಜನ್ ಎಂದು ಹೆಸರು.

ಬ್ರಿಟನ್ನಿನ ಹಳ್ಳಿಗಳಲ್ಲಿ ಅಂಚೆ ಕಚೇರಿಯನ್ನು ನಡೆಸುವವರು ಬಹುಪಾಲು ಸಂಬಳದ ನೌಕರರಲ್ಲ. ಸ್ವಂತ ಅಂಗಡಿಯ ಒಂದು ಮೂಲೆಯಲ್ಲಿ ಅಂಚೆಯ ಕೌಂಟರನ್ನಿಟ್ಟುಕೊಂಡು, ಪಿಂಚಣಿ ಬಟವಾಡೆ, ಸ್ಟಾಂಪು ಮಾರಾಟ ಮೊದಲಾದುವನ್ನು ಕರಾರಿನ ಮೇಲೆ ನಡೆಸುವ ಉಪ ಪೋಸ್ಟ್‌ಮಾಸ್ಟರರು ಅವರು. ಲೆಕ್ಕದಲ್ಲಿ ಕೊರತೆ ಬಂದರೆ ಅದನ್ನು ಅವರು ಕೈಯಿಂದ ತುಂಬಿಕೊಡತಕ್ಕದ್ದೆಂದು ಅಂಚೆ ಸಂಸ್ಥೆ ಆ ಕರಾರನ್ನು ಅರ್ಥಮಾಡಿ ನಡೆಸಿಕೊಂಡು ಬಂದಿತು. ಕಾಗದದ ಕಿರ್ದಿಯಿದ್ದಾಗ ಕೊರತೆಯ ಮೂಲವನ್ನು ಹುಡುಕುವುದು ಸಾಧ್ಯವಿತ್ತು. ಪುಟಗಳನ್ನು ತಿರುವಿ, ರಸೀದಿಗಳನ್ನು ತಾಳೆ ನೋಡಿ, ಎಲ್ಲಿ ತಪ್ಪಿತೆಂದು ತೋರಿಸಬಹುದಿತ್ತು. ಹೊರೈಜನ್ ಬಂದ ಮೇಲೆ ಪರದೆಯ ಮೇಲೆ ಕಾಣಿಸುವ ಮೊತ್ತವೊಂದೇ ಅವರ ಪಾಲಿಗೆ ಉಳಿಯಿತು. ಆ ಮೊತ್ತ ಹೇಗೆ ಬಂದಿತೆಂಬುದನ್ನು ಶೋಧಿಸುವ ಉಪಾಯ ಅವರ ಕೈಯಲ್ಲಿರಲಿಲ್ಲ. ಹ್ಯಾಂಪ್‌ಶೈರಿನ ಸೌತ್ ವಾರ್ನ್‌ಬರೊ ಎಂಬ ಹಳ್ಳಿಯ ಜೋ ಹ್ಯಾಮಿಲ್ಟನ್ ಎಂಬಾಕೆ ಸುಮಾರು ಎರಡು ಸಾವಿರ ಪೌಂಡಿನ ಕೊರತೆಯನ್ನು ಕಂಡು ಸಹಾಯವಾಣಿಗೆ ಫೋನು ಮಾಡಿ, ಅವರು ಹೇಳಿದಂತೆ ಗುಂಡಿಗಳನ್ನು ಒತ್ತುತ್ತಿದ್ದಾಗ ಅವಳ ಕಣ್ಣೆದುರಿಗೇ ಆ ಕೊರತೆ ಇಮ್ಮಡಿಯಾಯಿತು. ಮನೆಯನ್ನು ಮತ್ತೆ ಒತ್ತೆಯಿಟ್ಟು, ಊರವರು ಕೂಡಿಸಿ ಕೊಟ್ಟ ಹಣವನ್ನೂ ಸೇರಿಸಿ ತುಂಬಿದ ಮೇಲೆಯೂ ಅವಳು ಸುಳ್ಳು ಲೆಕ್ಕ ಬರೆದ ಅಪರಾಧವನ್ನು ಒಪ್ಪಿಕೊಂಡು ಶಿಕ್ಷೆಗೆ ತಲೆಬಾಗಬೇಕಾಯಿತು.

ಇಂಥವರು ಒಬ್ಬಿಬ್ಬರಲ್ಲ. ಒಂದೂವರೆ ದಶಕದ ಅವಧಿಯಲ್ಲಿ, ಅಂಚೆ ಸಂಸ್ಥೆಯೇ ಸ್ವತಃ ಹೂಡಿದ 700ಕ್ಕೂ ಹೆಚ್ಚಿನ ಮೊಕದ್ದಮೆಗಳಲ್ಲಿ, ಇತರ ಅಧಿಕಾರಿಗಳು ಹೂಡಿದವನ್ನೂ ಸೇರಿಸಿದರೆ 900ನ್ನು ಮೀರುವ ಮೊಕದ್ದಮೆಗಳಲ್ಲಿ, ಕಳ್ಳತನ, ವಂಚನೆ, ಸುಳ್ಳು ಲೆಕ್ಕಗಳ ಅಪರಾಧಿಗಳೆಂದು ಊರಿನ ಮರ್ಯಾದಸ್ಥರು ಘೋಷಿತರಾದರು. ಕೆಲವರು ಸೆರೆಮನೆಗೆ ಹೋದರು, ಅನೇಕರು ಮನೆಮಠಗಳನ್ನು ಕಳೆದುಕೊಂಡರು, ಕೆಲವರು ಜೀವವನ್ನೇ ಕಳೆದುಕೊಂಡರು. ಇವರಲ್ಲಿ ಬಹುಮಂದಿ ಸಹಾಯ ಕೋರಿದಾಗ ಕೇಳಿದ ಉತ್ತರ ಒಂದೇ: ಇಂಥ ತೊಂದರೆ ನಿಮ್ಮೊಬ್ಬರಿಗೇ ಬಂದಿದೆ, ಬೇರೆ ಯಾರಿಗೂ ಬಂದಿಲ್ಲ. ಈ ಇಡೀ ಪ್ರಕರಣದಲ್ಲಿ ನನ್ನ ಮನಸ್ಸನ್ನು ಅತ್ಯಂತ ಕಲಕುವುದು ಆ ಮಾತು. ದೇಶದ ಎಲ್ಲ ಅಂಚೆ ಕಚೇರಿಗಳ ಮಾಹಿತಿಯನ್ನೂ ಒಂದೆಡೆ ಕೂಡಿಸುವುದೇ ಉದ್ದೇಶವಾಗಿದ್ದ ವ್ಯವಸ್ಥೆಯೊಂದು, ಒಂದೇ ಬಗೆಯ ದೂರು ನೂರಾರು ಕಡೆಗಳಿಂದ ಬರುತ್ತಿದೆಯೆಂಬ ಮಾಹಿತಿಯನ್ನು ಮಾತ್ರ ಕೂಡಿಸಲಿಲ್ಲ. ದೂರಿದವರಿಗೆ ಪರಸ್ಪರರ ಇರವೂ ತಿಳಿಯಲಿಲ್ಲ. ವೇಲ್ಸಿನ ಲ್ಯಾಂಡುಡ್ನೊ ಪಟ್ಟಣದ ಬಳಿ ಅಂಚೆ ಕಚೇರಿಯನ್ನು ಕಳೆದುಕೊಂಡಿದ್ದ ಆಲನ್ ಬೇಟ್ಸ್, 2009ರಲ್ಲಿ ಇಂಥವರನ್ನೆಲ್ಲ ಒಂದುಗೂಡಿಸಿ ಸಂಘವೊಂದನ್ನು ಕಟ್ಟಿದರು. ಅದೇ ವರ್ಷ ಕಂಪ್ಯೂಟರ್ ವೀಕ್ಲಿ ಪತ್ರಿಕೆ ಅವರ ಕಥೆಗಳನ್ನು ಪ್ರಕಟಿಸಿತು. ಸಂಸ್ಥೆಯ ಯಂತ್ರ ಕೂಡಿಸದಿದ್ದ ಮಾಹಿತಿಯನ್ನು ನೊಂದವರೇ ಕೈಯಾರೆ ಕೂಡಿಸಿದರು.

2019ರ ಡಿಸೆಂಬರಿನಲ್ಲಿ, 555 ಮಂದಿ ಹೂಡಿದ್ದ ವ್ಯಾಜ್ಯದಲ್ಲಿ ತೀರ್ಪನ್ನಿತ್ತ ನ್ಯಾಯಮೂರ್ತಿ ಪೀಟರ್ ಫ್ರೇಸರ್, ಆ ವ್ಯವಸ್ಥೆಯ ಮೊದಲ ರೂಪ ನಂಬಿಕೆಗೆ ಲೇಶವೂ ಅರ್ಹವಾಗಿರಲಿಲ್ಲವೆಂದು ಕಂಡುಕೊಂಡರು. ಒಂದು ದೋಷದ ಸ್ವರೂಪವನ್ನು ಇಲ್ಲಿ ಹೇಳುವುದು ಉಚಿತ. ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್ ಎಂಬಲ್ಲಿ ನಗದು ತಲಪಿದ್ದನ್ನು ದಾಖಲಿಸುವಾಗ ಪರದೆ ಸ್ತಬ್ಧವಾಯಿತು. ಕೆಲಸ ನಡೆಯಲಿಲ್ಲವೆಂದು ತಿಳಿದು ಮತ್ತೆ ಮತ್ತೆ ಗುಂಡಿಯನ್ನು ಒತ್ತಿದಾಗ ಒಂದೊಂದು ಒತ್ತಿಗೂ ಅದೇ 8,000 ಪೌಂಡು ಮತ್ತೊಮ್ಮೆ ಜಮೆಯಾಗಿ, ಬಾರದ 24,000 ಪೌಂಡು ಕೊರತೆಯಾಗಿ ನಿಂತಿತು. ಇದಕ್ಕಿಂತ ಗುರುತರವಾದುದು ಇನ್ನೊಂದು ಸಂಗತಿ. ಶಾಖೆಯ ಲೆಕ್ಕವನ್ನು ದೂರದಿಂದ ಯಾರೂ ತಿದ್ದಲಾರರೆಂದು ಅಂಚೆ ಸಂಸ್ಥೆ ವರ್ಷಗಟ್ಟಲೆ ಸಾಧಿಸುತ್ತಿತ್ತು; ಫುಜಿತ್ಸುವಿನ ತಂತ್ರಜ್ಞರು ಶಾಖೆಯವರಿಗೆ ತಿಳಿಯದಂತೆಯೇ ಅದನ್ನು ತಿದ್ದಲು ಸಮರ್ಥರಾಗಿದ್ದರೆಂದು ಕೊನೆಗೆ ಸಿದ್ಧಪಟ್ಟಿತು. 2021ರ ಏಪ್ರಿಲ್‌ನಲ್ಲಿ ಜೋ ಹ್ಯಾಮಿಲ್ಟನ್ ಸೇರಿದಂತೆ 39 ಮಂದಿಯ ಶಿಕ್ಷೆಗಳು ರದ್ದಾದವು. ಉಳಿದವರಿಗಾಗಿ 2024ರಲ್ಲಿ ಪಾರ್ಲಿಮೆಂಟು ವಿಶೇಷ ಶಾಸನವನ್ನೇ ಮಾಡಬೇಕಾಯಿತು.

ದೋಷವಿಲ್ಲದ ಯಂತ್ರವನ್ನು ಮನುಷ್ಯರು ಇದುವರೆಗೆ ಕಟ್ಟಿಲ್ಲ. ಆದುದರಿಂದ ಹೊರೈಜನ್ನಿನಲ್ಲಿ ದೋಷವಿತ್ತೆಂಬುದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಆ ದೋಷ ಇಷ್ಟು ವರ್ಷ ಹೇಗೆ ಬದುಕಿತು ಎಂಬುದೇ ವಿಚಾರಯೋಗ್ಯವಾದ ಪ್ರಶ್ನೆ. ಲಯನ್ಸ್ ಅಂಗಡಿಯಾಕೆಯ ಮಾತಿನಿಂದ ಯಂತ್ರ ತಿದ್ದಿಕೊಳ್ಳುತ್ತಿತ್ತು. ಇಲ್ಲಿ ಯಂತ್ರದ ಅಂಕಿಗೆ ಸರಿಹೊಂದುವಂತೆ ಮನುಷ್ಯನೇ ತನ್ನ ಉಳಿತಾಯವನ್ನು ತಂದು ಸುರಿಯಬೇಕಾಗಿತ್ತು. ಹಾಗೆ ಸುರಿದಾಗಲೆಲ್ಲ ಕೇಂದ್ರದ ಲೆಕ್ಕ ಸರಿಯಾಗುತ್ತಿತ್ತು, ವರದಿ ನಿರ್ಮಲವಾಗುತ್ತಿತ್ತು, ಯಂತ್ರದ ಮೇಲಿನ ನಂಬಿಕೆ ಇನ್ನಷ್ಟು ಬಲಿಯುತ್ತಿತ್ತು. ಸೇದದ ಬಾವಿಯ ನೀರಿನಂತೆ ಯಾರೂ ಪ್ರಶ್ನಿಸದ ಲೆಕ್ಕ ಒಳಗೊಳಗೇ ಕೆಟ್ಟಿತು. ದೇಶದ ಕಾನೂನೂ ಇದಕ್ಕೆ ನೆರವಾಯಿತು. ಗಣಕದ ದಾಖಲೆಯನ್ನು ಮುಂದಿಡುವವನು ಆ ಗಣಕ ಸರಿಯಾಗಿ ನಡೆಯುತ್ತಿತ್ತೆಂದು ತೋರಿಸಬೇಕೆಂಬ 1984ರ ನಿಯಮವನ್ನು ಬ್ರಿಟನ್ನು 1999ರ ಶಾಸನದಿಂದ ತೆಗೆದುಹಾಕಿತ್ತು. ಆ ಮೇಲೆ ಯಂತ್ರ ಸರಿಯಾಗಿದೆಯೆಂಬುದೇ ಪೂರ್ವಭಾವನೆಯಾಯಿತು. ತಪ್ಪಿದೆಯೆಂದು ಸಾಧಿಸುವ ಭಾರ ಯಂತ್ರದ ಒಳಗನ್ನು ನೋಡಲಾರದವನ ಮೇಲೆ ಬಿದ್ದಿತು.

ಇದು ಪರದೇಶದ ಮಾತು, ನಮ್ಮಲ್ಲಿ ಹೀಗಾಗದು ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. 2018ರ ಫೆಬ್ರವರಿಯಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕು ಮುಂಬಯಿಯ ತನ್ನ ಶಾಖೆಯೊಂದರಲ್ಲಿ ನಡೆದ ಸುಮಾರು 11,400 ಕೋಟಿ ರೂಪಾಯಿಗಳ ಅಕ್ರಮವನ್ನು ಪ್ರಕಟಪಡಿಸಿದಾಗ ಕಂಡದ್ದು ಇದೇ ವ್ಯಾಧಿಯ ಇನ್ನೊಂದು ಲಕ್ಷಣ. ವಜ್ರವ್ಯಾಪಾರದ ಸಂಸ್ಥೆಗಳಿಗೆ ವಿದೇಶದಲ್ಲಿ ಸಾಲ ದೊರೆಯುವಂತೆ ಬ್ಯಾಂಕು ಹೊಣೆ ನಿಲ್ಲುವ ಪತ್ರಗಳು ಸ್ವಿಫ್ಟ್ ಎಂಬ ಅಂತರರಾಷ್ಟ್ರೀಯ ಸಂದೇಶಜಾಲದ ಮೂಲಕ ಹೊರಟುಹೋಗಿದ್ದವು. ಬೆಂಗಳೂರಿನ ಇನ್ಫೋಸಿಸ್ ರೂಪಿಸಿದ ಫಿನಾಕಲ್ ಎಂಬ, ಬ್ಯಾಂಕಿನ ಮುಖ್ಯ ಲೆಕ್ಕದ ವ್ಯವಸ್ಥೆಯಲ್ಲಿ ಅವುಗಳ ನಮೂದೇ ಇರಲಿಲ್ಲ. ಎರಡು ವ್ಯವಸ್ಥೆಗಳಿಗೂ ಸಂಬಂಧ ಕಲ್ಪಿಸಿರಲಿಲ್ಲವಾದುದರಿಂದ ಒಂದರಲ್ಲಿ ನಡೆದುದು ಇನ್ನೊಂದಕ್ಕೆ ಗೋಚರವಾಗಲಿಲ್ಲ. ಸ್ವಿಫ್ಟಿನ ದುರುಪಯೋಗದ ಸಂಭವವನ್ನು ಕುರಿತು 2016ರ ಆಗಸ್ಟಿನಿಂದ ಕನಿಷ್ಠ ಮೂರು ಬಾರಿ ಎಚ್ಚರಿಸಿದ್ದಾಗಿ ರಿಸರ್ವ್ ಬ್ಯಾಂಕು ತರುವಾಯ ಹೇಳಿತು. ಕೇಂದ್ರ ಕಚೇರಿಯ ವರದಿಗಳು ವರ್ಷಾನುಗಟ್ಟಲೆ ಶುಭ್ರವಾಗಿದ್ದವು. ವ್ಯವಸ್ಥೆಯಲ್ಲಿ ಇಲ್ಲದ್ದು ಪ್ರಪಂಚದಲ್ಲಿಯೂ ಇಲ್ಲವೆಂಬ ಭಾವನೆ ಎಲ್ಲರಿಗೂ ಸಾಕಾಗಿದ್ದಿತು. ಕೊನೆಗೆ ಅದು ಬಯಲಾದದ್ದು ಹೇಗೆ? 2018ರ ಜನವರಿಯಲ್ಲಿ ಹೊಸ ಪತ್ರವೊಂದನ್ನು ಕೇಳಿಕೊಂಡು ಬಂದವರನ್ನು, ಅದಕ್ಕೆ ತಕ್ಕ ಠೇವಣಿಯೆಲ್ಲಿ ಎಂದು ಶಾಖೆಯವರು ಕೇಳಿದರು. ಹಿಂದೆ ಠೇವಣಿಯಿಲ್ಲದೆಯೇ ಕೊಡುತ್ತಿದ್ದಿರಲ್ಲ ಎಂದು ಬಂದವರು ಉತ್ತರಿಸಿದರು. ಹಿಂದಿನ ದಾಖಲೆಯನ್ನು ಹುಡುಕಿದರೆ ದಾಖಲೆಯೇ ಇಲ್ಲ. ಶಾಖೆಯ ಮೇಜಿನಲ್ಲಿ ಹುಟ್ಟಿದ ಒಂದು ಪ್ರಶ್ನೆ, ಎಲ್ಲ ವರದಿಗಳೂ ಸೇರಿ ಮಾಡದ ಕೆಲಸವನ್ನು ಮಾಡಿತು.

ಲೆಕ್ಕ ಕೊಡುವವನ ಮೇಲೆ ಹೊಣೆಯಿದ್ದರೆ ಲೆಕ್ಕ ನೋಡುವವನ ಮೇಲೆಯೂ ಹೊಣೆಯಿರತಕ್ಕದ್ದೆಂಬ ತತ್ತ್ವ ನಮ್ಮ ದೇಶಕ್ಕೆ ಹೊಸದಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕಂಡುಕೊಂಡು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಕ್ಷಪಟಲವೆಂಬ ಲೆಕ್ಕದ ಕಚೇರಿಯ ವಿಚಾರಕ್ಕೆ ಪ್ರತ್ಯೇಕ ಪ್ರಕರಣವಿದೆ. ಅಧಿಕಾರಿಗಳು ಹಣವನ್ನು ಅಪಹರಿಸುವ ನಲವತ್ತು ವಿಧಗಳನ್ನು ಆ ಗ್ರಂಥದಲ್ಲಿ ಎಣಿಸಿರುವುದನ್ನು ಎಲ್ಲರೂ ಉದಾಹರಿಸುತ್ತಾರೆ. ಅದಕ್ಕಿಂತ ಸೂಕ್ಷ್ಮವಾದ ಎರಡು ವಿಧಿಗಳನ್ನು ಯಾರೂ ನೆನೆಯುವುದಿಲ್ಲ. ಲೆಕ್ಕ ಒಪ್ಪಿಸತಕ್ಕವನು ಸಿದ್ಧನಾಗಿ ಬಂದಾಗ ಅದನ್ನು ಪರೀಕ್ಷಿಸತಕ್ಕವನು ಸಿದ್ಧನಿಲ್ಲದಿದ್ದರೆ ದಂಡ ಪರೀಕ್ಷಕನಿಗೆ. ಅಧಿಕಾರಿಯೊಬ್ಬನ ಮೇಲೆ ವಿಚಾರಣೆ ನಡೆಯುವಾಗ, ಇವನಿಂದ ಹಾನಿಗೊಳಗಾದವರು ಬಂದು ಹೇಳಿಕೊಳ್ಳಬಹುದೆಂದು ಜನರ ನಡುವೆ ಸಾರತಕ್ಕದ್ದೆಂಬುದು ಎರಡನೆಯದು. ಬೇಹುಗಾರರ ಮೇಲೆ ಅಷ್ಟೊಂದು ಭರವಸೆಯಿಟ್ಟ ಗ್ರಂಥಕರ್ತನೂ ಕೆಳಗಿನವರ ಬಾಯಿಂದ ನೇರವಾಗಿ ಕೇಳಿಸಿಕೊಳ್ಳದೆ ಲೆಕ್ಕದ ನಿಜ ತಿಳಿಯದೆಂದು ಬಗೆದಿದ್ದನು.

ಈ ತತ್ತ್ವ ಇಂದಿಗೂ ಜೀವಂತವಾಗಿರುವ ಸ್ಥಳವನ್ನು ನೋಡಬೇಕಾದರೆ ಕರ್ನಾಟಕದ ಯಾವುದಾದರೂ ಹಳ್ಳಿಯ ಹಾಲಿನ ಡೇರಿಗೆ ಬೆಳಗ್ಗೆ ಹೋಗಬೇಕು. ಕ್ಯಾನು ಹಿಡಿದು ಬಂದ ರೈತಮಹಿಳೆ ಹಾಲನ್ನು ಸುರಿಯುತ್ತಲೇ ತೂಕ ಎದುರಿಗೆ ಕಾಣುತ್ತದೆ. ಮಾದರಿಯನ್ನು ಪರೀಕ್ಷಿಸಿದ ಯಂತ್ರ ಫ್ಯಾಟ್ ಅಂದರೆ ಕೊಬ್ಬು ಎಷ್ಟು, ಎಸ್‌ಎನ್‌ಎಫ್ ಅಂದರೆ ಕೊಬ್ಬಲ್ಲದ ಘನಾಂಶ ಎಷ್ಟು, ಲೀಟರಿಗೆ ದರವೆಷ್ಟು, ಒಟ್ಟು ಹಣವೆಷ್ಟು ಎಂಬುದನ್ನು ಚೀಟಿಯಲ್ಲಿ ಅಚ್ಚುಹಾಕಿ ಕೊಡುತ್ತದೆ. ಅದೇ ಅಂಕಿಗಳು ಒಕ್ಕೂಟಕ್ಕೂ ಹೋಗಿ, ಯಾವ ಮಾರ್ಗಕ್ಕೆ ಎಷ್ಟು ದೊಡ್ಡ ಟ್ಯಾಂಕರು ಬೇಕೆಂಬ ನಿರ್ಣಯಕ್ಕೆ ಆಧಾರವಾಗುತ್ತವೆ. ಆದರೆ ಅವು ಮೇಲಕ್ಕೆ ಹೋಗುವ ಮುನ್ನ ಆಕೆಯ ಕೈಗೆ ಬಂದಿರುತ್ತವೆ. ನಿನ್ನೆ ನಾಲ್ಕು ಬಂದಿದ್ದ ಫ್ಯಾಟ್ ಇಂದು ಮೂರಕ್ಕೆ ಹೇಗೆ ಇಳಿಯಿತೆಂದು ಆಕೆ ಅಲ್ಲಿಯೇ ನಿಂತು ಜಗಳವಾಡುತ್ತಾಳೆ. ನೆರೆಯವಳ ಚೀಟಿಯನ್ನೂ ಇಸಿದುಕೊಂಡು ಹೋಲಿಸುತ್ತಾಳೆ. ಸರದಿಯಲ್ಲಿ ನಿಂತ ಎಲ್ಲರ ಚೀಟಿಯಲ್ಲಿಯೂ ಫ್ಯಾಟ್ ಇಳಿದಿದ್ದರೆ ಕೆಟ್ಟಿರುವುದು ಯಂತ್ರವೇ ಹೊರತು ಹಾಲಲ್ಲವೆಂಬುದು ಕಾರ್ಯದರ್ಶಿಗೆ ಕೂಡಲೇ ತಿಳಿಯುತ್ತದೆ. ಡೇರಿಗಳಲ್ಲಿ ಅನ್ಯಾಯವೇ ನಡೆಯುವುದಿಲ್ಲವೆಂದು ನಾನು ಹೇಳುತ್ತಿಲ್ಲ. ನಡೆದರೆ ಅದು ಬಹುಕಾಲ ಮರೆಯಾಗಿ ಉಳಿಯುವುದು ಕಷ್ಟ. ಆ ಕಷ್ಟಕ್ಕೆ ಕಾರಣ ಚೀಟಿ.

ಎಲ್ಲರಿಗೂ ಎಲ್ಲವನ್ನೂ ತೋರಿಸಹೊರಟರೆ ವ್ಯಾಪಾರದ ಗುಟ್ಟು ಉಳಿಯದೆಂದೂ, ಒಬ್ಬೊಬ್ಬ ಗುಮಾಸ್ತನ ಆಕ್ಷೇಪಣೆಗೆ ಉತ್ತರ ಕೊಡುತ್ತ ಕುಳಿತರೆ ಕೆಲಸ ಸಾಗದೆಂದೂ ವ್ಯವಸ್ಥಾಪಕರು ಹೇಳಬಹುದು. ಮೊದಲನೆಯ ಆಕ್ಷೇಪ ಯುಕ್ತವಾದುದು; ಆದರೆ ನಾನು ಕೇಳುತ್ತಿರುವುದು ಸಂಸ್ಥೆಯ ಎಲ್ಲ ಲೆಕ್ಕವನ್ನಲ್ಲ. ಯಾರನ್ನು ಕುರಿತ ಅಂಕಿಯೋ ಅವರಿಗೆ ಆ ಅಂಕಿಯೂ, ಅದು ಹುಟ್ಟಿದ ಕ್ರಮವೂ ಕಾಣಬೇಕೆಂಬುದನ್ನಷ್ಟೇ. ಎರಡನೆಯದಕ್ಕೆ ಬ್ರಿಟನ್ನಿನ ಅಂಚೆ ಸಂಸ್ಥೆಯೇ ಉತ್ತರ. ಆಗ ಕೇಳಿಸಿಕೊಳ್ಳದೆ ಉಳಿಸಿದ ಸಮಯಕ್ಕೆ ಪ್ರತಿಯಾಗಿ ಆ ದೇಶ ಇಪ್ಪತ್ತು ವರ್ಷಗಳ ವ್ಯಾಜ್ಯ, ವಿಚಾರಣೆ, ಪರಿಹಾರಗಳ ಹೊರೆಯನ್ನು ಹೊತ್ತಿದೆ.

ನಮ್ಮ ದೇಶದಲ್ಲಿಯೂ ಲಕ್ಷಕ್ಕೆ ಮಿಕ್ಕಿದ ಗ್ರಾಮೀಣ ಶಾಖಾ ಅಂಚೆ ಕಚೇರಿಗಳ ಪೋಸ್ಟ್‌ಮಾಸ್ಟರರು ಇಂದು ಕೈಯಲ್ಲಿ ಸಣ್ಣ ಯಂತ್ರವನ್ನು ಹಿಡಿದು ಠೇವಣಿ ಸ್ವೀಕರಿಸುತ್ತಾರೆ. ಬಸ್ಸಿನ ಕಂಡಕ್ಟರರು ಯಂತ್ರದಿಂದ ಟಿಕೆಟ್ಟು ಕೊಡುತ್ತಾರೆ. ಆಹಾರ ಮುಟ್ಟಿಸುವ ಹುಡುಗರ ದಿನದ ಗಳಿಕೆಯನ್ನು ಮೊಬೈಲಿನ ಆ್ಯಪ್ ನಿಶ್ಚಯಿಸುತ್ತದೆ. ಇವರಲ್ಲಿ ಯಾರ ಲೆಕ್ಕದಲ್ಲಿಯಾದರೂ ಕೊರತೆ ಕಂಡು ವಿಷಯ ನ್ಯಾಯಾಲಯಕ್ಕೆ ಹೋದರೆ ಏನಾಗುತ್ತದೆ? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು, ಗಣಕದ ದಾಖಲೆಯೊಡನೆ ಪ್ರಮಾಣಪತ್ರವೊಂದು ಬರಬೇಕೆಂದು ವಿಧಿಸುತ್ತದೆ. ಯಂತ್ರ ಆ ಕಾಲದಲ್ಲಿ ಸರಿಯಾಗಿ ನಡೆಯುತ್ತಿತ್ತೆಂದು ದಾಖಲೆಯನ್ನು ಹಾಜರುಪಡಿಸುವ ಪಕ್ಷದವರು ಅದರ ಒಂದು ಭಾಗದಲ್ಲಿ ರುಜು ಹಾಕುತ್ತಾರೆ, ತಜ್ಞನೊಬ್ಬ ಇನ್ನೊಂದು ಭಾಗದಲ್ಲಿ ರುಜು ಹಾಕುತ್ತಾನೆ. ಬ್ರಿಟನ್ನಿನ ಪೂರ್ವಭಾವನೆಗಿಂತ ಇದು ಮೇಲು. ಆದರೆ ಪ್ರಮಾಣಪತ್ರದಲ್ಲಿ ನಮೂದಾಗುವ, ದಾಖಲೆಯ ಬೆರಳಚ್ಚಿನಂತಿರುವ ಹ್ಯಾಷ್ ಸಂಖ್ಯೆ, ಪ್ರತಿಯನ್ನು ಯಾರೂ ಬದಲಿಸಿಲ್ಲವೆಂಬುದನ್ನು ತೋರಿಸಬಲ್ಲುದೇ ಹೊರತು ಮೂಲದಲ್ಲಿ ಯಂತ್ರ ಮಾಡಿದ ಲೆಕ್ಕ ಸರಿಯೆಂಬುದನ್ನು ತೋರಿಸಲಾರದು. ಹೊರೈಜನ್ನಿನ ತಪ್ಪು ಮೊತ್ತಕ್ಕೂ ಇಂಥ ನಿರ್ದುಷ್ಟವಾದ ಹ್ಯಾಷ್ ದೊರೆಯುತ್ತಿತ್ತು.

ಹೊರೈಜನ್ನಿನ ವ್ಯಾಜ್ಯದಲ್ಲಿ ಸತ್ಯವನ್ನು ಹೊರಗೆಡಹಿದುದು ಫುಜಿತ್ಸುವಿನ ತಂತ್ರಜ್ಞರೇ ತಮ್ಮ ಉಪಯೋಗಕ್ಕಾಗಿ ಬರೆದಿಟ್ಟುಕೊಂಡಿದ್ದ, ತಿಳಿದುಬಂದ ದೋಷಗಳ ಕಡತ. ಅದನ್ನು ನ್ಯಾಯಾಲಯಕ್ಕೆ ತರಿಸುವುದಕ್ಕೇ ದೊಡ್ಡ ಹೋರಾಟ ನಡೆಯಬೇಕಾಯಿತು. ಅಂಥ ಕಡತವನ್ನು ಲೆಕ್ಕದ ಯಂತ್ರಗಳನ್ನು ಕಟ್ಟುವ ಸಂಸ್ಥೆಗಳೆಲ್ಲ ಯಾವುದಾದರೊಂದು ರೂಪದಲ್ಲಿ ಇಟ್ಟುಕೊಳ್ಳುತ್ತವೆ. ಗಣಕದ ಅಂಕಿಯೊಂದನ್ನೇ ಆಧಾರವಾಗಿಟ್ಟುಕೊಂಡು ನೌಕರನಿಂದಲೋ ಏಜೆಂಟನಿಂದಲೋ ಹಣವನ್ನು ವಸೂಲುಮಾಡುವ ಮುನ್ನ ಆ ಕಡತದ ಸಂಬಂಧಪಟ್ಟ ಭಾಗವನ್ನು ಅವನ ಕೈಗೆ ಕೊಡತಕ್ಕದ್ದೆಂದು, ಸರ್ಕಾರವೂ ಸಾರ್ವಜನಿಕ ಸಂಸ್ಥೆಗಳೂ ತಾವು ಕರೆಯುವ ಟೆಂಡರಿನ ಷರತ್ತುಗಳಲ್ಲಿಯೇ ಬರೆಯಿಸಬೇಕು. ಅದಕ್ಕೆ ಹೊಸ ಶಾಸನ ಬೇಕಿಲ್ಲ. ಮುಂದಿನ ಕರಾರಿಗೆ ಸಹಿ ಬೀಳುವ ಮೊದಲು ಒಂದು ಕಲಮನ್ನು ಸೇರಿಸಿದರೆ ಸಾಕು.